ಒಂದು ಚಮಚ ಎಣ್ಣೆಯ ಲೆಕ್ಕ

ಹಳ್ಳಿಯಲ್ಲಿ ವಿಜ್ಞಾನದ ಮೇಷ್ಟ್ರಾಗಿರುವುದರಲ್ಲಿ ಒಂದು ಕಷ್ಟವಿದೆ. ಊರಿನವರ ಕಣ್ಣಿಗೆ ವಿಜ್ಞಾನವೆಂದರೆ ತಂತಿ, ಬಲ್ಬು, ಮೋಟಾರು. ಕೊಳವೆಬಾವಿಯ ಪಂಪು ನೀರೆತ್ತದಿದ್ದರೂ, ಟಿ.ವಿ.ಯಲ್ಲಿ ಚಿತ್ರ ಬಾರದಿದ್ದರೂ, ಮಿಕ್ಸಿಯಿಂದ ಸುಟ್ಟ ವಾಸನೆ ಬಂದರೂ ‘ಮೇಷ್ಟ್ರನ್ನ ಒಂದು ಮಾತು ಕೇಳಿ’ ಎನ್ನುತ್ತಾರೆ. ನಾನು ಓದಿದ್ದು ಬಿ.ಎಸ್ಸಿ., ಆಮೇಲೆ ಬಿ.ಎಡ್. ಹತ್ತಿರ ಹತ್ತಿರ ಮೂವತ್ತು ವರ್ಷದಿಂದ ಹೈಸ್ಕೂಲಿನಲ್ಲಿ ಪಾಠ ಹೇಳುತ್ತಿದ್ದೇನೆ. ಮಿಕ್ಸಿ ಬಿಚ್ಚುವುದು ಯಾವ ಪರೀಕ್ಷೆಯಲ್ಲೂ ನನಗೆ ಬಂದಿರಲಿಲ್ಲ. ಆದರೂ ಯಾರಾದರೂ ಕೇಳಿದಾಗ ‘ಗೊತ್ತಿಲ್ಲ’ ಎನ್ನಲು ನಾಲಗೆ ಏಳುವುದಿಲ್ಲ. ಈ ದೌರ್ಬಲ್ಯದಿಂದಾಗಿ 2023ರ ಜೂನ್ ತಿಂಗಳಲ್ಲಿ ಒಬ್ಬ ಮನುಷ್ಯನ ಕಾಲು ಮುರಿಯುವುದು ಸ್ವಲ್ಪದರಲ್ಲಿ ತಪ್ಪಿತು. ಹೇಳಿಕೊಳ್ಳಲು ಹೆಮ್ಮೆಯ ವಿಷಯವಲ್ಲ. ಆದರೂ ಮಕ್ಕಳೂ ಅವರ ತಂದೆತಾಯಿಯರೂ ಓದುವ ಪುಟ ಇದು ಎಂದು ಹೇಳುತ್ತಿದ್ದೇನೆ.

ತಿಪಟೂರು ಸೀಮೆಯ ನಮ್ಮ ಹಳ್ಳಿಯಲ್ಲಿ ನನ್ನ ತಮ್ಮ ತೋಟ ನೋಡಿಕೊಂಡಿದ್ದಾನೆ. ತೆಂಗು, ಒಂದಿಷ್ಟು ಬಾಳೆ. ಅವನ ಬಳಿ ಒಂದು ಹಳೆಯ ಪಿಕಪ್ ಗಾಡಿ ಇದೆ. 2003ರ ಮಾದರಿ, ಅವನು 2011ರಲ್ಲಿ ಎರಡನೆಯ ಕೈಯಿಂದ ಕೊಂಡದ್ದು. ನಮ್ಮ ಕೊಬ್ಬರಿಯಲ್ಲದೆ ನೆರೆಹೊರೆಯವರ ಕೊಬ್ಬರಿಯನ್ನೂ ತಿಪಟೂರಿನ ಮಾರುಕಟ್ಟೆಗೆ ಬಾಡಿಗೆಗೆ ಹೊಡೆಯುತ್ತಾನೆ. ತೋಟ ಕೈಕೊಟ್ಟ ವರ್ಷಗಳಲ್ಲಿ ಮನೆ ನಡೆದದ್ದು ಈ ಗಾಡಿಯಿಂದಲೇ. ಅದನ್ನು ಅವನು ಎತ್ತಿನ ಹಾಗೆ ನೋಡಿಕೊಳ್ಳುತ್ತಾನೆ. ಹಬ್ಬಕ್ಕೆ ಹೂವಿನ ಹಾರ, ಅಮಾವಾಸ್ಯೆಗೆ ನಿಂಬೆಹಣ್ಣು. ಆದರೆ ಎಣ್ಣೆ ಬದಲಾಯಿಸುವ ವಿಷಯದಲ್ಲಿ ಮಾತ್ರ ‘ಓಡ್ತಾ ಇದೆಯಲ್ಲ’ ಎಂಬ ಸಿದ್ಧಾಂತ.

ಆ ಜೂನ್‌ನಲ್ಲಿ ಗಾಡಿ ಹಟ ಹಿಡಿಯಿತು. ಕ್ಲಚ್ ತುಳಿದು ಮೊದಲ ಗೇರಿಗೆ ಹಾಕಹೋದರೆ ‘ಕರ್‌ರ್’ ಎಂದು ಹಲ್ಲು ಕಡಿಯುವ ಸದ್ದು. ಎರಡು ಮೂರು ಸಲ ಪೆಡಲ್ ಒತ್ತಿ ಬಿಟ್ಟು ಮಾಡಿದರೆ ಗೇರು ಬೀಳುತ್ತಿತ್ತು. ರಿವರ್ಸ್ ಅಂತೂ ಇಂಜಿನ್ ನಿಲ್ಲಿಸಿದರೆ ಮಾತ್ರ. ತಮ್ಮ ಪಟ್ಟಣದ ಮೆಕ್ಯಾನಿಕ್ ಒಬ್ಬರಿಗೆ ಫೋನ್ ಮಾಡಿ ‘ಕ್ಲಚ್ ಹೋಗಿದೆ’ ಎಂದ. ಅವರು ಅಲ್ಲಿಂದಲೇ, ‘ಪ್ಲೇಟು ಸವೆದಿರುತ್ತೆ, ಗೇರ್‌ಬಾಕ್ಸ್ ಇಳಿಸಬೇಕು. ಪ್ಲೇಟು, ಬೇರಿಂಗು, ಕೂಲಿ ಎಲ್ಲ ಸೇರಿ ಹದಿನಾರು ಸಾವಿರ ಹಿಡ್ಕೊಳ್ಳಿ’ ಎಂದರು.

ಮನೆಯಲ್ಲಿ ಹದಿನೆಂಟು ಸಾವಿರ ಇತ್ತು. ಅದು ತಮ್ಮನ ಮಗಳ ಕಾಲೇಜಿನ ದುಡ್ಡು. ಅವಳು ಆ ವರ್ಷ ಪಿ.ಯು.ಸಿ. ಮುಗಿಸಿದ್ದಳು, ತುಮಕೂರಿನಲ್ಲಿ ಬಿ.ಎಸ್ಸಿ. ಸೇರಬೇಕು, ಹಾಸ್ಟೆಲ್ ಕಟ್ಟಬೇಕು. ಕೊನೆಯ ದಿನಾಂಕಕ್ಕೆ ಎರಡು ವಾರವೂ ಇರಲಿಲ್ಲ. ನಾನು ಭಾನುವಾರ ಊರಿಗೆ ಹೋದಾಗ ತಮ್ಮ ಜಗಲಿಯ ಮೇಲೆ ಕೂತು, ‘ಗಾಡಿ ನಿಂತ್ರೆ ಮನೆ ನಿಲ್ಲುತ್ತೆ. ಇವಳದ್ದು ಮುಂದಿನ ವರ್ಷ ನೋಡೋಣ ಅಂತಿದೀನಿ’ ಎಂದ. ಹುಡುಗಿ ಒಳಗಿನಿಂದ ಕಾಫಿ ತಂದಿಟ್ಟು ಏನೂ ಹೇಳದೆ ಹೋದಳು. ‘ಮುಂದಿನ ವರ್ಷ’ ಎಂದ ಮನೆಗಳಲ್ಲಿ ಹೆಣ್ಣುಮಕ್ಕಳ ಮುಂದಿನ ವರ್ಷ ಏನಾಗುತ್ತದೆಂದು ಮೇಷ್ಟ್ರಾದವನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನಾನು ಪಂಚೆ ಎತ್ತಿ ಕಟ್ಟಿ, ‘ಇರು, ಮೊದಲು ನಾನೊಂದು ಸಲ ನೋಡ್ತೀನಿ’ ಎಂದೆ.

ಕ್ಲಚ್ಚಿನ ಕೆಲಸವೇನು ಎಂಬುದನ್ನು ಇಲ್ಲಿ ಎರಡು ಮಾತಿನಲ್ಲಿ ಹೇಳಿಬಿಡಬೇಕು. ಇಂಜಿನ್ನು ತಿರುಗುತ್ತಲೇ ಇರುತ್ತದೆ. ಚಕ್ರಗಳು ಕೆಲವೊಮ್ಮೆ ತಿರುಗಬೇಕು, ಕೆಲವೊಮ್ಮೆ ನಿಲ್ಲಬೇಕು. ಇವೆರಡರ ನಡುವಿನ ಕೈಹಿಡಿತವೇ ಕ್ಲಚ್. ಬಲವಾದ ಸ್ಪ್ರಿಂಗೊಂದು ಘರ್ಷಣೆಯ ತಟ್ಟೆಯನ್ನು ಇಂಜಿನ್ನಿನ ಚಕ್ರಕ್ಕೆ ಒತ್ತಿ ಹಿಡಿದಿರುತ್ತದೆ. ನಾವು ಪೆಡಲ್ ತುಳಿದಾಗ ಆ ಹಿಡಿತ ಬಿಡುತ್ತದೆ. ಆಗ ಗೇರು ಬದಲಾಯಿಸಬಹುದು.

ಹಾಗಾದರೆ ಕ್ಲಚ್ ಎರಡು ರೀತಿ ಕೆಡಬಹುದು. ಒಂದು, ಹಿಡಿಯಬೇಕಾದಾಗ ಹಿಡಿಯದಿರುವುದು. ಇನ್ನೊಂದು, ಬಿಡಬೇಕಾದಾಗ ಬಿಡದಿರುವುದು. ತಟ್ಟೆ ಸವೆದರೆ ಸಾಮಾನ್ಯವಾಗಿ ಮೊದಲನೆಯದಾಗುತ್ತದೆ. ಏರು ರಸ್ತೆಯಲ್ಲಿ ಇಂಜಿನ್ ಜೋರಾಗಿ ಕೂಗುತ್ತದೆ, ಗಾಡಿ ಮಾತ್ರ ಮುಂದೆ ಹೋಗುವುದಿಲ್ಲ. ಸುಟ್ಟ ವಾಸನೆ ಬರುತ್ತದೆ. ನಮ್ಮ ಗಾಡಿ ಏರಿನಲ್ಲಿ ತುಂಬಿದ ಕೊಬ್ಬರಿ ಚೀಲಗಳನ್ನು ಹೊತ್ತು ನೆಟ್ಟಗೆ ಏರುತ್ತಿತ್ತು. ಅದರ ಕಷ್ಟ ಎರಡನೆಯದು. ಪೆಡಲ್ ತುಳಿದರೂ ಹಿಡಿತ ಪೂರ್ತಿ ಬಿಡುತ್ತಿರಲಿಲ್ಲ. ಒಂದು ರೋಗಕ್ಕೆ ಅದರ ವಿರುದ್ಧದ ರೋಗದ ಔಷಧಿ ಬರೆದಂತಾಗಿತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ, ಹಾಗೆ.

ಹಿಡಿತ ಬಿಡಿಸುವ ಕೆಲಸವನ್ನು ಹಳೆಯ ಎಷ್ಟೋ ಗಾಡಿಗಳಲ್ಲಿ ಉಕ್ಕಿನ ಕೇಬಲ್ ಮಾಡುತ್ತಿತ್ತು. ನಮ್ಮದರಲ್ಲಿ ದ್ರವ ಮಾಡುತ್ತದೆ. ಪೆಡಲಿಗೆ ಸೇರಿದಂತೆ ಮೇಲೆ ಒಂದು ಸಣ್ಣ ಸಿಲಿಂಡರ್. ಅದಕ್ಕೆ ಮಾಸ್ಟರ್ ಎನ್ನುತ್ತಾರೆ. ಕೆಳಗೆ ಗೇರ್‌ಬಾಕ್ಸಿನ ಪಕ್ಕದಲ್ಲಿ ಇನ್ನೊಂದು, ಅದು ಸ್ಲೇವ್. ನಡುವೆ ಒಂದು ಕೊಳವೆ. ಕಾಲು ಮೇಲಿನ ಪಿಸ್ಟನ್ನನ್ನು ನೂಕಿದರೆ ದ್ರವ ಕೊಳವೆಯಲ್ಲಿ ಸರಿದು ಕೆಳಗಿನ ಪಿಸ್ಟನ್ನನ್ನು ನೂಕುತ್ತದೆ. ಅದರ ಕಡ್ಡಿ ಕ್ಲಚ್ಚಿನ ಕವೆಯನ್ನು ಒತ್ತುತ್ತದೆ. ಮುಚ್ಚಿದ ಪಾತ್ರೆಯೊಳಗಿನ ದ್ರವದ ಮೇಲೆ ಒಂದೆಡೆ ಹಾಕಿದ ಒತ್ತಡ ಎಲ್ಲ ದಿಕ್ಕಿಗೂ ಸಮನಾಗಿ ಹರಡುತ್ತದೆ ಎಂಬ ಪಾಸ್ಕಲ್‌ನ ನಿಯಮ ಇದೇ. ಎಷ್ಟು ಸಲ ಕಪ್ಪುಹಲಗೆಯ ಮೇಲೆ ಬರೆದಿದ್ದೇನೋ ಲೆಕ್ಕವಿಲ್ಲ. ಇಲ್ಲಿ ಅದು ನಮ್ಮ ಮನೆಯ ಅಂಗಳದಲ್ಲೇ ನಿಂತಿತ್ತು. ನನಗೆ ಉತ್ಸಾಹ ಬಂದುಬಿಟ್ಟಿತು.

ಗಾಡಿಯ ಕೆಳಗೆ ಬಗ್ಗಿ ನೋಡಿದೆ. ಎಲ್ಲೂ ಎಣ್ಣೆ ತೊಟ್ಟಿಕ್ಕುತ್ತಿರಲಿಲ್ಲ. ‘ಸೋರಿಕೆ ಇಲ್ಲ. ಅಂದ ಮೇಲೆ ಕೊಳವೆಯೊಳಗೆ ಗಾಳಿ ಸೇರಿದೆ’ ಎಂದು ತೀರ್ಪು ಕೊಟ್ಟೆ. ದ್ರವವನ್ನು ಒತ್ತಿ ಕುಗ್ಗಿಸಲಾಗದು, ಗಾಳಿಯನ್ನು ಕುಗ್ಗಿಸಬಹುದು; ಕಾಲಿನ ಒತ್ತಡವೆಲ್ಲ ಗಾಳಿಯ ಗುಳ್ಳೆಯನ್ನು ಅಮುಕುವುದರಲ್ಲೇ ಕಳೆದುಹೋಗುತ್ತದೆ. ಪುಸ್ತಕದ ಪ್ರಕಾರ ಸರಿಯಾದ ಮಾತು. ಗಾಳಿ ತೆಗೆಯುವ ಕ್ರಮವೂ ಸುಲಭ. ಕೆಳಗಿನ ಸಿಲಿಂಡರಿನಲ್ಲಿ ಒಂದು ಸಣ್ಣ ತಿರುಪು ಇದೆ. ಅದಕ್ಕೆ ರಬ್ಬರ್ ನಳಿಕೆ ಸಿಕ್ಕಿಸಿ ಇನ್ನೊಂದು ತುದಿಯನ್ನು ಸ್ವಲ್ಪ ದ್ರವವಿರುವ ಶೀಶೆಯಲ್ಲಿ ಮುಳುಗಿಸಬೇಕು. ಒಬ್ಬರು ಪೆಡಲ್ ತುಳಿದು ಹಿಡಿಯಬೇಕು. ಇನ್ನೊಬ್ಬರು ತಿರುಪು ಸಡಿಲಿಸಿ, ಗುಳ್ಳೆ ಹೊರಬಂದ ಮೇಲೆ ಬಿಗಿಮಾಡಬೇಕು. ಆಮೇಲೆಯೇ ಪೆಡಲ್ ಬಿಡಬೇಕು. ಮೇಲಿನ ಡಬ್ಬಿಯಲ್ಲಿ ದ್ರವ ಬರಿದಾಗದಂತೆ ತುಂಬುತ್ತಿರಬೇಕು.

ತಮ್ಮ ತುಳಿದ, ನಾನು ತಿರುಪು ನೋಡಿಕೊಂಡೆ, ಹುಡುಗಿ ಶೀಶೆ ಹಿಡಿದಳು. ಗುಳ್ಳೆಗಳು ಹೆಚ್ಚೇನೂ ಬರಲಿಲ್ಲ. ಬಂದ ದ್ರವ ಮಾತ್ರ ಕಾಫಿಯ ಡಿಕಾಕ್ಷನ್ನಿನಂತೆ ಕಪ್ಪಗಿತ್ತು.

‘ದೊಡ್ಡಪ್ಪ, ಹೊಸದು ಜೇನಿನ ಬಣ್ಣ ಇದೆ. ಇದ್ಯಾಕೆ ಇಷ್ಟು ಕಪ್ಪು?’ ಎಂದಳು.

‘ಹಳೇದು, ಹಾಗೇ ಇರುತ್ತೆ. ತಿಪ್ಪೆಗೆ ಚೆಲ್ಲಿಬಿಡು’ ಎಂದೆ.

ಹೊಸ ದ್ರವ ತುಂಬಿ, ಆಸನದ ಮೇಲೆ ಕೂತು, ಪೆಡಲನ್ನು ದಡದಡ ಹತ್ತು ಸಲ ತುಳಿದೆ. ಗೇರು ಬೆಣ್ಣೆಯಂತೆ ಬಿತ್ತು. ರಿವರ್ಸ್ ಕೂಡ. ತಮ್ಮನ ಮುಖ ಅರಳಿತು. ‘ಹದಿನಾರು ಸಾವಿರ ಅಂದ್ರು ನೋಡು’ ಎಂದು ಅಕ್ಕಪಕ್ಕದವರಿಗೆಲ್ಲ ಹೇಳಿದ. ನಾನು ಕೈ ತೊಳೆದು, ಹೋಳಿಗೆ ಉಂಡು, ಸಂಜೆಯ ಬಸ್ಸು ಹತ್ತಿದೆ. ಹುಷಾರಾಗಿರು ಎಂದು ಕೂಡ ಹೇಳಲಿಲ್ಲ. ಹೇಳುವುದಕ್ಕೇನಿತ್ತು? ಸರಿಹೋಗಿತ್ತಲ್ಲ.

ನಾಲ್ಕನೆಯ ದಿನ ತಮ್ಮ ಕೊಬ್ಬರಿ ತುಂಬಿಕೊಂಡು ಮಾರುಕಟ್ಟೆಗೆ ಹೋದ. ಪ್ರಾಂಗಣದೊಳಗೆ ಗಾಡಿಗಳ ಸಾಲು. ಮುಂದಿನವರು ಈಗ ಹೋಗುತ್ತಾರೆ, ಆಗ ಹೋಗುತ್ತಾರೆ ಎಂದು ಅವನು ಮೊದಲ ಗೇರಿನಲ್ಲೇ ಕ್ಲಚ್ ತುಳಿದು ಕಾಯುತ್ತಿದ್ದ. ಅದು ಅವನ ತಪ್ಪು. ನ್ಯೂಟ್ರಲ್ ಮಾಡಿ ಕೈಬ್ರೇಕ್ ಎಳೆಯಬೇಕಿತ್ತು. ಆದರೆ ಗಾಡಿ ಸರಿಯಿದೆಯೆಂದು ಅವನಿಗೆ ಅಣ್ಣ ಹೇಳಿದ್ದನಲ್ಲ. ಅಷ್ಟರಲ್ಲಿ ಬೆನ್ನ ಮೇಲೆ ಚೀಲ ಹೊತ್ತ ಒಬ್ಬ ಹಮಾಲಿ ಗಾಡಿಯ ಮುಂದೆ ಅಡ್ಡ ಹಾದರು. ಪೆಡಲ್ ಪೂರ್ತಿ ಕೆಳಗೇ ಇತ್ತು. ಕಾಲು ಅಲುಗಿರಲಿಲ್ಲ. ಆದರೂ ಗಾಡಿ ತಾನಾಗಿ ಮುಂದಕ್ಕೆ ಹೆಜ್ಜೆ ಇಟ್ಟಿತು. ಬಂಪರ್ ಆ ಮನುಷ್ಯನ ಮಂಡಿಯ ಹಿಂದೆ ತಗಲಿತು. ಅವರು ಮುಗ್ಗರಿಸಿ ಬಿದ್ದರು. ಚೀಲ ಪಕ್ಕಕ್ಕೆ ಉರುಳಿತು. ತಮ್ಮ ಬ್ರೇಕ್ ಒತ್ತಿದ, ಇಂಜಿನ್ ಕೆಮ್ಮಿ ನಿಂತಿತು. ಚಕ್ರಕ್ಕೂ ಬಿದ್ದವರ ಪಾದಕ್ಕೂ ನಡುವೆ ಒಂದು ಗೇಣು ಇತ್ತಂತೆ.

ಮೂಳೆ ಮುರಿದಿರಲಿಲ್ಲ. ಮಂಡಿ ಊದಿಕೊಂಡಿತ್ತು, ಅಂಗೈ ತರಚಿತ್ತು. ಮಾರನೆಯ ದಿನ ರಜೆ ಹಾಕಿ ನಾನೂ ತಮ್ಮನೂ ಅವರ ಮನೆಗೆ ಹೋದೆವು. ನನಗಿಂತ ನಾಲ್ಕೈದು ವರ್ಷ ದೊಡ್ಡವರು. ಡಾಕ್ಟರ ಖರ್ಚು, ಹೋದ ಕೂಲಿ ಎಂದು ತಮ್ಮ ದುಡ್ಡು ಕೊಟ್ಟ. ಕೊಡುತ್ತಾ, ‘ಗಾಡಿ ಕೆಟ್ಟಿತ್ತು, ಆದ್ರೆ ನಮ್ಮಣ್ಣ ಸೈನ್ಸ್ ಮೇಷ್ಟ್ರು, ಅವರೇ ನೋಡಿ ಸರಿ ಮಾಡಿದ್ರು’ ಎಂದ. ಅವರು ನನ್ನ ಕಡೆ ತಿರುಗಿ ಕೈ ಮುಗಿದು, ‘ಮೇಷ್ಟ್ರು ನೋಡಿದ್ರಾ? ಹಂಗಾದ್ರೆ ನಾನೇ ಅಡ್ಡ ಬಂದಿರ್ಬೇಕು ಬಿಡಿ’ ಎಂದರು.

ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ತೊಂದರೆ ಕಾಣೆಯಾದದ್ದನ್ನೇ ಕಾರಣ ಸಿಕ್ಕಿತು ಎಂದುಕೊಂಡಿದ್ದೆ. ಗಾಳಿ ಸೇರಿದೆ ಎಂದೆನಲ್ಲ, ಆ ಗಾಳಿ ಎಲ್ಲಿಂದ ಬಂತು ಎಂದು ಕೇಳಿರಲಿಲ್ಲ. ಗುಳ್ಳೆ ಹೆಚ್ಚಾಗಿ ಬರಲಿಲ್ಲವೇಕೆ ಎಂದು ಕೇಳಿರಲಿಲ್ಲ. ಹುಡುಗಿ ನಿಜವಾದ ಪ್ರಶ್ನೆಯೊಂದನ್ನು ಕೇಳಿದ್ದಳು. ಅದನ್ನು ತಿಪ್ಪೆಗೆ ಚೆಲ್ಲು ಎಂದಿದ್ದೆ. ಇದೇ ತಪ್ಪನ್ನು ಪ್ರಯೋಗಾಲಯದಲ್ಲಿ ಯಾವ ವಿದ್ಯಾರ್ಥಿ ಮಾಡಿದರೂ ನಾನು ಕೆಂಪು ಶಾಯಿ ಹಾಕುತ್ತಿದ್ದೆ.

ಬೆಳಿಗ್ಗೆ ಅಡುಗೆಮನೆಯ ಕಿಟಕಿಯ ಮೇಲೆ ಆ ಶೀಶೆ ಕಂಡಿತು. ಅವಳು ಚೆಲ್ಲಿರಲಿಲ್ಲ. ಐದು ದಿನ ಅಲುಗದೆ ನಿಂತು ದ್ರವ ಮೇಲೆ ಕೊಂಚ ತಿಳಿಯಾಗಿತ್ತು. ತಳದಲ್ಲಿ ಕರಿಯ ಪುಡಿ ಕೂತಿತ್ತು. ಅವಳು ಅದನ್ನು ಕಡ್ಡಿಯಿಂದ ತೆಗೆದು ಕಾಗದದ ಮೇಲೆ ಉಜ್ಜಿ ತೋರಿಸಿದಳು. ರಬ್ಬರ್ ಚೂರು ಬಿಟ್ಟು ಹೋಗುವಂಥ ಕಪ್ಪು ಗೀರು. ‘ಇದು ಮಣ್ಣಲ್ಲ ದೊಡ್ಡಪ್ಪ. ಒಳಗೆ ಏನೋ ಸವೀತಿದೆ.’

ಅಲ್ಲಿಗೆ ಮೇಷ್ಟ್ರು ಯಾರು, ವಿದ್ಯಾರ್ಥಿ ಯಾರು ಎಂಬ ಲೆಕ್ಕ ಬದಲಾಯಿತು. ಈ ಸಲ ಏನನ್ನೂ ಬಿಚ್ಚುವುದು ಬೇಡ, ಮೊದಲು ನೋಡುವುದು, ಅಳೆಯುವುದು, ಬರೆಯುವುದು ಎಂದು ಒಪ್ಪಂದವಾಯಿತು. ಗಾಡಿಯನ್ನು ಸಮತಟ್ಟಾದ ಕಡೆ ನಿಲ್ಲಿಸಿ, ಇಂಜಿನ್ ಆರಿಸಿ, ನಾಲ್ಕೂ ಚಕ್ರಕ್ಕೆ ಕಲ್ಲು ಕೊಟ್ಟೆವು. ಅವಳು ನೋಟುಪುಸ್ತಕ ತೆಗೆದು ಪ್ರಶ್ನೆಗಳನ್ನು ಬರೆದಳು.

ಮೊದಲನೆಯದು: ಡಬ್ಬಿಯಲ್ಲಿ ದ್ರವದ ಮಟ್ಟ ಇಳಿದಿದೆಯೇ? ಭಾನುವಾರ ತುಂಬಿದ ಗೆರೆಯಲ್ಲೇ ಇತ್ತು. ಎರಡನೆಯದು: ಒಳಗೆ, ಪೆಡಲಿನ ಮೇಲ್ಗಡೆ ಮಾಸ್ಟರ್ ಸಿಲಿಂಡರಿನ ಹಿಂಭಾಗ ಒದ್ದೆಯೇ? ಎಷ್ಟೋ ಸಲ ಎಣ್ಣೆ ಹೊರಗೆ ನೆಲಕ್ಕೆ ಬೀಳದೆ ಪೆಡಲಿನ ಕಡ್ಡಿಯಗುಂಟ ಒಳಗೆ ಇಳಿದು ಕಾಲುಹಾಸಿನ ಕೆಳಗೆ ಸೇರುತ್ತದೆ. ಹಾಸು ಎತ್ತಿ ಬೆರಳಾಡಿಸಿದೆವು, ಒಣಗಿತ್ತು. ಮೂರನೆಯದು: ಕೆಳಗಿನ ಸಿಲಿಂಡರಿನ ರಬ್ಬರ್ ಟೋಪಿಯ ಅಂಚು ಎತ್ತಿದರೆ ಎಣ್ಣೆ ಬರುತ್ತದೆಯೇ? ಧೂಳು ಮಾತ್ರ ಬಂತು.

‘ಕೆಳಗಿನದು ಸೋರಿದ್ರೆ ಹೊರಗೇ ಬರ್ಬೇಕು, ಬೇರೆ ದಾರಿ ಇಲ್ಲ’ ಎಂದಳು. ‘ಮೇಲಿನದಕ್ಕೆ ಎರಡು ದಾರಿ. ಹಿಂದಕ್ಕೆ ಸೋರಿದ್ರೆ ಕಾಲ ಹತ್ರ. ಮುಂದಿನ ವಾಷರ್ ಸೋರಿದ್ರೆ ಎಣ್ಣೆ ವಾಪಸ್ಸು ಡಬ್ಬಿಗೇ ಹೋಗುತ್ತೆ. ಡಬ್ಬಿ ಇಳಿಯೋದೇ ಇಲ್ಲ.’

ನಾನು ಸುಮ್ಮನೆ ಕೇಳಿಸಿಕೊಂಡೆ. ಸೋರಿಕೆಯೆಂದರೆ ನೆಲಕ್ಕೆ ಬೀಳುವುದು ಎಂದು ನಾನು ತಿಳಿದಿದ್ದೆ. ಒಳಗಿನಿಂದ ಒಳಗೇ ಸೋರಬಹುದು ಎಂದು ಹೊಳೆದಿರಲಿಲ್ಲ.

ನಾಲ್ಕನೆಯದು ಅಳತೆ. ಅವಳು ಉಕ್ಕಿನ ಅಳತೆಪಟ್ಟಿ, ಟಾರ್ಚು ಹಿಡಿದು ಗಾಡಿಯ ಕೆಳಗೆ ಮಲಗಿದಳು. ‘ಹುಡುಗಿಗೆ ಯಾಕೆ ಗ್ರೀಸು’ ಎಂದು ತಮ್ಮ ಗೊಣಗಿದ; ಯಾರೂ ಉತ್ತರ ಕೊಡಲಿಲ್ಲ. ನಾನು ಪೆಡಲ್ ತುಳಿದೆ. ದಡಕ್ಕನೆ ತುಳಿದಾಗ ಕೆಳಗಿನ ಕಡ್ಡಿ 15 ಮಿಲಿಮೀಟರ್ ಚಾಚಿತು. ‘ಹಾಗೇ ಹಿಡ್ಕೊಳ್ಳಿ’ ಎಂದು ಕೂಗಿದಳು. ಹಿಡಿದುಕೊಂಡೆ. ನನ್ನ ಕಾಲು ಕದಲಲಿಲ್ಲ, ಪೆಡಲ್ ನೆಲಕ್ಕೆ ಅಂಟಿತ್ತು. ಕೆಳಗಿನಿಂದ ಅವಳ ದನಿ ಬರುತ್ತಿತ್ತು: ‘ಹದಿನಾಲ್ಕು... ಹನ್ನೆರಡು... ಹತ್ತು... ಒಂಬತ್ತು.’ ಇಪ್ಪತ್ತು ಸೆಕೆಂಡಿನಲ್ಲಿ ಕಡ್ಡಿ 6 ಮಿಲಿಮೀಟರ್ ಹಿಂದೆ ಸರಿದಿತ್ತು. ಇನ್ನೊಮ್ಮೆ, ಮೆಲ್ಲಗೆ ತುಳಿದಾಗ 15ನ್ನು ಮುಟ್ಟಲೇ ಇಲ್ಲ.

ಮಾರುಕಟ್ಟೆಯಲ್ಲಿ ಗಾಡಿ ತಾನಾಗಿ ಹೆಜ್ಜೆಯಿಟ್ಟದ್ದು ಯಾಕೆಂದು ಆಗ ಅರ್ಥವಾಯಿತು. ಕಾಲು ಕೆಳಗಿದ್ದರೂ ಕ್ಲಚ್ಚಿನ ಸ್ಪ್ರಿಂಗು ದ್ರವವನ್ನು ಹಿಂದಕ್ಕೆ ಒತ್ತುತ್ತಿತ್ತು. ಅದು ಸವೆದ ವಾಷರಿನ ಪಕ್ಕದಲ್ಲಿ ನುಸುಳಿ ಡಬ್ಬಿ ಸೇರುತ್ತಿತ್ತು. ಹಿಡಿತ ಮೆಲ್ಲಗೆ ಕೂಡಿಕೊಳ್ಳುತ್ತಿತ್ತು. ನಾನು ಭಾನುವಾರ ಪರೀಕ್ಷಿಸಿದ್ದು ದಡದಡ ತುಳಿದು. ನನಗೆ ಬೇಕಾದ ಉತ್ತರ ಬರುವ ಹಾಗೆ ಪರೀಕ್ಷಿಸಿದ್ದೆ.

ಜೋರಾಗಿ ತುಳಿದರೆ ಸೋರದೆ ಮೆಲ್ಲಗೆ ತುಳಿದರೆ ಸೋರುವುದು ವಿಚಿತ್ರವೆನಿಸಬಹುದು. ಇದರ ಹಿಂದೆ ಒಂದು ಹಳೆಯ ಕಥೆಯಿದೆ. ಫ್ರಾನ್ಸಿನ ಪಾಸ್ಕಲ್ ತೀರಿಕೊಂಡದ್ದು 1662ರಲ್ಲಿ. ದ್ರವಗಳ ಸಮತೋಲನದ ಬಗ್ಗೆ ಅವನು ಬರೆದದ್ದು ಅಚ್ಚಾದದ್ದು ಮರುವರ್ಷ. ಆ ನಿಯಮವನ್ನು ಬಳಸಿ ಇಂಗ್ಲೆಂಡಿನ ಜೋಸೆಫ್ ಬ್ರಾಮಾ ತನ್ನ ಹೈಡ್ರಾಲಿಕ್ ಪ್ರೆಸ್ಸಿಗೆ ಪೇಟೆಂಟ್ ಪಡೆದದ್ದು 1795ರಲ್ಲಿ. ಅಂದರೆ 132 ವರ್ಷಗಳ ನಂತರ. ನಿಯಮ ಗೊತ್ತಿತ್ತು, ಆದರೆ ಅಷ್ಟು ಒತ್ತಡದಲ್ಲಿ ಪಿಸ್ಟನ್ನಿನ ಸುತ್ತ ನೀರು ಸೋರದಂತೆ ತಡೆಯುವುದು ಹೇಗೆಂಬುದೇ ಅವನಿಗೆ ದೊಡ್ಡ ತೊಡಕಾಯಿತು. ಅದಕ್ಕೆ ಉಪಾಯವಾಗಿ ಬಂದದ್ದು ಬಟ್ಟಲಿನಾಕಾರದ ಚರ್ಮದ ಬಳೆ. ಅದನ್ನು ಸೂಚಿಸಿದವನು ಅವನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ ಹೆನ್ರಿ ಮಾಡ್‌ಸ್ಲೇ ಎಂಬ ಯುವಕ ಎಂದು ಹೇಳುತ್ತಾರೆ. ಬಟ್ಟಲಿನ ಬಾಯಿ ದ್ರವದ ಕಡೆಗಿರುತ್ತದೆ. ಒತ್ತಡ ಹೆಚ್ಚಿದಷ್ಟೂ ಅದರ ತುಟಿ ಅಗಲವಾಗಿ ಗೋಡೆಗೆ ಅಂಟುತ್ತದೆ. ಸೋರಿಸಬೇಕಾದ ಒತ್ತಡವೇ ಸೋರಿಕೆಯನ್ನು ತಡೆಯುತ್ತದೆ! ಇಂದು ಚರ್ಮದ ಬದಲು ರಬ್ಬರ್ ಬಂದಿದೆ, ತತ್ವ ಅದೇ. ತುಟಿ ಸವೆದ ಬಟ್ಟಲು ದಡಕ್ಕನೆ ಒತ್ತಿದಾಗ ಅರಳಿ ಹಿಡಿಯುತ್ತದೆ. ಮೆಲ್ಲಗೆ ಒತ್ತಿದರೆ ಅರಳುವ ಮೊದಲೇ ದ್ರವ ನುಸುಳಿಹೋಗುತ್ತದೆ. ಮೂವತ್ತು ವರ್ಷ ನಿಯಮವನ್ನು ಕಲಿಸಿದ ನಾನು ವಾಷರಿನ ಬಗ್ಗೆ ಒಂದು ಮಾತೂ ಹೇಳಿರಲಿಲ್ಲ.

ಆ ಮಧ್ಯಾಹ್ನವೇ ಗಾಡಿಯನ್ನು ಇನ್ನೊಂದು ಗಾಡಿಗೆ ಕಟ್ಟಿ ಎಳೆಸಿಕೊಂಡು, ಫೋನಿನಲ್ಲಿ ಹದಿನಾರು ಸಾವಿರ ಹೇಳಿದ್ದ ಅದೇ ಮೆಕ್ಯಾನಿಕ್ ಹತ್ತಿರ ಹೋದೆವು. ಜಗಳಕ್ಕಲ್ಲ. ಹುಡುಗಿ ನೋಟುಪುಸ್ತಕ ಕೊಟ್ಟಳು. ಅವರು ಕೈ ಒರೆಸಿಕೊಂಡು ನಿಧಾನವಾಗಿ ಓದಿದರು. ‘ಕ್ಲಚ್ ಹೋಗಿದೆ ಅಂದ್ರಿ ಫೋನಲ್ಲಿ. ಹಿಡಿಯಲ್ವೋ, ಬಿಡಲ್ವೋ ಅಂತ ನಾನೂ ಕೇಳ್ಲಿಲ್ಲ, ನೀವೂ ಹೇಳ್ಲಿಲ್ಲ’ ಎಂದರು. ಆಮೇಲೆ ಒಂದು ಕೊನೆಯ ಪರೀಕ್ಷೆ ಮಾಡಿದರು. ಎರಡು ಸಿಲಿಂಡರುಗಳ ನಡುವಿನ ರಬ್ಬರ್ ಕೊಳವೆಯನ್ನು, ಗುಂಡನೆಯ ಬಾಯಿಯ ಕ್ಲಾಂಪಿನಿಂದ ಮೆತ್ತಗೆ ಬಿಗಿದು ಮುಚ್ಚಿದರು. ಸಾಧಾರಣ ಇಕ್ಕಳದಲ್ಲಿ ಹಿಚುಕಿದರೆ ಕೊಳವೆಯೇ ಸೀಳುತ್ತದಂತೆ. ‘ಈಗ ಕೆಳಗಿಂದು ಲೆಕ್ಕಕ್ಕಿಲ್ಲ. ಮೇಲಿಂದು ಚೆನ್ನಾಗಿದ್ರೆ ಪೆಡಲ್ ಕಲ್ಲಿನ ಹಂಗೆ ನಿಲ್ಬೇಕು. ಮೇಷ್ಟ್ರೇ, ಮೆಲ್ಲಗೆ ತುಳೀರಿ.’ ತುಳಿದೆ. ಪೆಡಲ್ ನನ್ನ ಕಾಲಿನ ಕೆಳಗೆ ಹಣ್ಣಾದ ಗೋಡೆಯ ಹಾಗೆ ಕುಸಿಯುತ್ತಾ ಹೋಯಿತು. ಅನುಮಾನ ಮುಗಿಯಿತು.

ಸಿಲಿಂಡರ್ ಬಿಚ್ಚಿದಾಗ ಬಟ್ಟಲಿನ ತುಟಿ ಇಲಿ ಕಡಿದಂತಾಗಿತ್ತು. ಬರೀ ವಾಷರ್ ಬದಲಾಯಿಸಿದರೆ ಕೆಲವು ನೂರು ರೂಪಾಯಿಯಲ್ಲಿ ಮುಗಿಯುತ್ತಿತ್ತು. ಆದರೆ ಮೆಕ್ಯಾನಿಕ್ ಸಿಲಿಂಡರಿನ ಒಳಗೋಡೆಗೆ ಬೆಳಕು ಬಿಟ್ಟು ತೋರಿಸಿದರು; ತುಕ್ಕಿನ ಚುಕ್ಕೆಗಳು. ಈ ದ್ರವ ಗ್ಲೈಕಾಲ್ ಜಾತಿಯದು, ಗಾಳಿಯ ತೇವವನ್ನು ಹೀರುತ್ತದೆ. ತೇವ ಹೀರಿದಷ್ಟೂ ಒಳಗೆ ತುಕ್ಕು. ಬ್ರೇಕಿಗೆ ಹಾಕುವುದೂ ಇದೇ ದ್ರವ; ಡಾಟ್ 3 ಎಂಬ ದರ್ಜೆಯದು ಹೊಸದರಲ್ಲಿ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು; ತೇವ ಸೇರಿದ ಮೇಲೆ ಆ ಮಿತಿ 140ಕ್ಕೆ ಇಳಿಯುತ್ತದೆ. ಎರಡು ವರ್ಷಕ್ಕೊಮ್ಮೆ ಬದಲಾಯಿಸುವುದು ಒಳ್ಳೆಯದು ಎನ್ನುವುದು ಇದಕ್ಕೇ. ನಮ್ಮ ಗಾಡಿಯಲ್ಲಿ ಕಳೆದ ಹನ್ನೆರಡು ವರ್ಷ ಯಾರೂ ಬದಲಾಯಿಸಿರಲಿಲ್ಲ. ಆ ತುಕ್ಕಿನ ಗೋಡೆಯ ಮೇಲೆ ಹೊಸ ರಬ್ಬರೂ ಬೇಗ ಸವೆಯುತ್ತದೆಂದು ಸಿಲಿಂಡರನ್ನೇ ಹೊಸದು ಹಾಕಿಸಿ, ಹಳೆಯ ಕೊಳವೆಯನ್ನೂ ಬದಲಾಯಿಸಿದೆವು. ಕೂಲಿ ಸೇರಿ ಮೂರು ಸಾವಿರದ ಒಳಗೆ. ಇನ್ನೊಂದು ಮಾತು: ದ್ರವ ಕಡಿಮೆಯಾದರೆ ಇಂಜಿನ್ ಆಯಿಲ್ ಸುರಿದರಾಯಿತು ಎನ್ನುವವರಿದ್ದಾರೆ. ಖನಿಜ ತೈಲ ತಗಲಿದರೆ ಈ ರಬ್ಬರುಗಳು ಊದಿ ಹಾಳಾಗುತ್ತವೆ. ಡಬ್ಬಿಯ ಮುಚ್ಚಳದ ಮೇಲೆ ಬರೆದಿರುವುದನ್ನೇ ಹಾಕಬೇಕು.

ಹಳೆಯ ಸಿಲಿಂಡರನ್ನು ಹುಡುಗಿ ಮನೆಗೆ ತಂದಳು. ವರ್ನಿಯರ್‌ನಿಂದ ಅಳೆದೆವು. ಒಳವ್ಯಾಸ ಸುಮಾರು 16 ಮಿಲಿಮೀಟರ್, ಪಿಸ್ಟನ್ ಸರಿಯುವುದು 25 ಮಿಲಿಮೀಟರ್. ಅವಳು ಲೆಕ್ಕ ಹಾಕಿ ನಕ್ಕಳು. ಒಂದು ತುಳಿತಕ್ಕೆ ಕೆಳಗೆ ಹೋಗುವ ದ್ರವ ಐದು ಘನ ಸೆಂಟಿಮೀಟರ್. ಒಂದು ಟೀ ಚಮಚ! ಕೆಳಗಿನ ಸಿಲಿಂಡರಿನ ವ್ಯಾಸ 20 ಎಂದು ಹಿಡಿದರೆ ಅದರ ಕಡ್ಡಿ 16 ಮಿಲಿಮೀಟರ್ ಚಾಚಬೇಕು. ಅವಳು ಅಳೆದದ್ದು 15. ಅದು 6 ಮಿಲಿಮೀಟರ್ ಹಿಂದೆ ಬರಲು ನುಸುಳಿದ್ದು ಎರಡು ಘನ ಸೆಂಟಿಮೀಟರಿಗೂ ಕಡಿಮೆ. ಅರ್ಧ ಚಮಚವೂ ಇಲ್ಲ. ಅಷ್ಟು ಎಣ್ಣೆ ದಾರಿ ತಪ್ಪಿದ್ದಕ್ಕೆ ಒಬ್ಬರ ಮಂಡಿ, ಇನ್ನೊಬ್ಬಳ ಕಾಲೇಜು ಎರಡೂ ಅಪಾಯದ ಅಂಚಿಗೆ ಬಂದಿದ್ದವು.

ಕೊನೆಯ ದಿನಾಂಕಕ್ಕೆ ಮೂರು ದಿನ ಮೊದಲು ಶುಲ್ಕ ಕಟ್ಟಿದೆವು. ಹಮಾಲಿಯವರಿಗೆ ಕೊಟ್ಟದ್ದು, ರಿಪೇರಿಗೆ ಹೋದದ್ದು ಕಳೆದು ಕಡಿಮೆ ಬಿದ್ದದ್ದನ್ನು ನಾನು ಹಾಕಿದೆ. ಅದು ದಾನವಲ್ಲ, ನನ್ನ ತಪ್ಪಿನ ದಂಡ.

ಇದನ್ನು ತಂದೆತಾಯಿಯರಿಗೆ ಹೇಳಬೇಕೆನಿಸಿದ್ದಕ್ಕೆ ಬೇರೆ ಕಾರಣವೂ ಇದೆ. ಪ್ರತಿ ವರ್ಷ ಮಗುವಿನ ಅಂಕಪಟ್ಟಿ ಹಿಡಿದು ಬರುತ್ತಾರೆ. ‘ತಲೆಗೆ ಹತ್ತಲ್ಲ ಸಾರ್, ಟ್ಯೂಷನ್ ಬದಲಾಯಿಸೋಣವೇ, ಶಾಲೆ ಬದಲಾಯಿಸೋಣವೇ’ ಎನ್ನುತ್ತಾರೆ. ಅದು ಗೇರ್‌ಬಾಕ್ಸ್ ಇಳಿಸುವ ಮಾತು. ನನ್ನ ತರಗತಿಯಲ್ಲಿ ಒಬ್ಬ ಹುಡುಗ ಒಂದು ವರ್ಷ ಪೂರ್ತಿ ಗಣಿತದಲ್ಲಿ ಹಿಂದೆ ಬಿದ್ದಿದ್ದ. ಅವನನ್ನು ಮುಂದಿನ ಬೆಂಚಿಗೆ ಕೂರಿಸಿದಾಗ ಸುಧಾರಿಸಿದ. ನನ್ನ ಹೆದರಿಕೆಯಿಂದ ಓದುತ್ತಿದ್ದಾನೆ ಎಂದುಕೊಂಡು ಬೀಗಿದೆ. ಮರುವರ್ಷ ಹಿಂದಿನ ಬೆಂಚಿಗೆ ಹೋದ, ಮತ್ತೆ ಕುಸಿದ. ಕಣ್ಣಿನ ತಪಾಸಣೆಯವರು ಶಾಲೆಗೆ ಬಂದಾಗ ಗೊತ್ತಾಯಿತು, ಅವನಿಗೆ ಹಲಗೆ ಕಾಣುತ್ತಿರಲಿಲ್ಲ. ಸುಧಾರಿಸಿದ್ದು ನಿಜ. ಕಾರಣ ಮಾತ್ರ ನಾನು ಅಂದುಕೊಂಡದ್ದಲ್ಲ. ಹಿಡಿಯುತ್ತಿಲ್ಲವೋ, ಬಿಡುತ್ತಿಲ್ಲವೋ? ಯಾವಾಗ ಆಗುತ್ತದೆ, ಯಾವಾಗ ಆಗುವುದಿಲ್ಲ? ಇಷ್ಟನ್ನು ಮೊದಲು ಕೇಳಿದರೆ ಎಷ್ಟೋ ಗೇರ್‌ಬಾಕ್ಸುಗಳು ಇದ್ದಲ್ಲೇ ಉಳಿಯುತ್ತವೆ.

ಈಗ ಪಾಸ್ಕಲ್‌ನ ನಿಯಮ ಹೇಳುವಾಗ ನಾನು ಸೂಜಿಯಿಲ್ಲದ ಎರಡು ಪ್ಲಾಸ್ಟಿಕ್ ಸಿರಿಂಜುಗಳನ್ನು ನಳಿಕೆಯಿಂದ ಜೋಡಿಸಿ ನೀರು ತುಂಬಿಕೊಂಡು ಹೋಗುತ್ತೇನೆ. ಅಂಥ ಮೂರು ಜೋಡಿ. ಒಂದು ಸರಿಯಿದೆ. ಒಂದರಲ್ಲಿ ಗಾಳಿಯಿದೆ. ಇನ್ನೊಂದರಲ್ಲಿ, ಒತ್ತುವ ಸಿರಿಂಜಿನ ರಬ್ಬರಿನ ಅಂಚನ್ನು ಬ್ಲೇಡಿನಿಂದ ಸ್ವಲ್ಪ ಕೆರೆದಿದ್ದೇನೆ. ಯಾವುದಕ್ಕೆ ಏನಾಗಿದೆ ಹೇಳಿ ಎಂದು ಮಕ್ಕಳ ಕೈಗೆ ಕೊಡುತ್ತೇನೆ. ಗಾಳಿಯದು ಸ್ಪಂಜಿನಂತೆ ಮೆತ್ತಗೆ ಒತ್ತಿಕೊಂಡು, ಬಿಟ್ಟರೆ ಪುಟಿಯುತ್ತದೆ. ಕೆರೆದದ್ದು ಮೆಲ್ಲಗೆ ಒತ್ತಿ ಹಿಡಿದರೆ ಕುಸಿಯುತ್ತದೆ. ಮೊದಲ ಐದು ನಿಮಿಷ ಎಲ್ಲರೂ ಜೋರಾಗಿ ಒತ್ತಿ ತಪ್ಪು ಹೇಳುತ್ತಾರೆ. ನಾನು ಏನೂ ಹೇಳುವುದಿಲ್ಲ.

ರಿಪೇರಿಯ ನಂತರದ ಮೊದಲ ಹರಾಜಿನ ದಿನ ನಾನೂ ತಮ್ಮನ ಜೊತೆ ಮಾರುಕಟ್ಟೆಗೆ ಹೋಗಿದ್ದೆ. ಹೊರಡುವ ಮುಂಚೆ ಹುಡುಗಿ ಗಾಡಿಯ ಕೆಳಗೆ ಮಲಗಿ ಅಳೆದಿದ್ದಳು. ಮೆಲ್ಲಗೆ ತುಳಿದು ಐದು ನಿಮಿಷ ಹಿಡಿದರೂ ಕಡ್ಡಿ 16ರಿಂದ ಕದಲಿರಲಿಲ್ಲ. ಪ್ರಾಂಗಣದಲ್ಲಿ ಆ ಹಮಾಲಿಯವರು ಚೀಲ ಇಳಿಸಿಕೊಳ್ಳಲು ಬಂದರು. ಮಂಡಿ ಇಳಿದಿತ್ತು, ಆದರೂ ಕೊಂಚ ಕುಂಟುತ್ತಿದ್ದರು. ಗಾಡಿಯ ಮುಂದೆ ಬರದೆ ಪಕ್ಕದಲ್ಲೇ ನಿಂತು, ‘ಮೇಷ್ಟ್ರು ನೋಡಿದಾರಾ?’ ಎಂದು ತಮ್ಮನನ್ನು ಕೇಳಿದರು.

‘ಇಲ್ಲ, ಈ ಸಲ ಮಗಳು ನೋಡಿದಾಳೆ’ ಎಂದ ಅವನು.

‘ಹಂಗಾದ್ರೆ ಸರಿ’ ಎಂದು ಅವರು ಮುಂದೆ ಬಂದು ಚೀಲಕ್ಕೆ ಬೆನ್ನು ಕೊಟ್ಟರು.